ಸೊಲೆದಾದ್: ಏಕಾಂತವೋ, ಒಂಟಿತನವೋ?

ಗಾಬ್ರಿಯೆಲ್ ಗಾರ್ಸಿಯಾ ಮಾರ್ಕೆಸ್‌ನ ಅತಿ ಪ್ರಸಿದ್ಧ ಕಾದಂಬರಿಯನ್ನು ಓದದವರಿಗೂ ಅದರ ಹೆಸರು ಗೊತ್ತು. 1967ರ ಮೇ ತಿಂಗಳಲ್ಲಿ ಬ್ಯೂನಸ್ ಐರಿಸ್‌ನ ಸುದಮೆರಿಕಾನಾ ಪ್ರಕಾಶನ ಅದನ್ನು ಹೊರತಂದಾಗ ಹೆಸರಿನಲ್ಲಿದ್ದದ್ದು ನಾಲ್ಕೇ ಪದ: ‘ಸಿಯೆನ್ ಆನ್ಯೋಸ್ ದೆ ಸೊಲೆದಾದ್’. ಮೊದಲ ಮೂರರಿಂದ ಯಾವ ತಂಟೆಯೂ ಇಲ್ಲ. ನೂರು, ವರ್ಷಗಳು, ಮತ್ತೆ ನಮ್ಮ ಷಷ್ಠೀ ವಿಭಕ್ತಿಯ ಕೆಲಸ ಮಾಡುವ ಒಂದು ಪುಟ್ಟ ಪದ. ತಂಟೆ ಇರುವುದು ನಾಲ್ಕನೆಯದರಲ್ಲಿ. ಕನ್ನಡದಲ್ಲಿ ನಾವು ಅದನ್ನು ‘ಏಕಾಂತ’ ಎಂದು ಒಪ್ಪಿಕೊಂಡಿದ್ದೇವೆ. ಎ. ಎನ್. ಪ್ರಸನ್ನ ಅವರ ಅನುವಾದದ ಹೆಸರಿನಲ್ಲಿರುವುದೂ ಏಕಾಂತವೇ. ಅದು ಕಿವಿಗೆ ಹಿತವಾಗಿದೆ. ಅಷ್ಟು ಹಿತವಾಗಿರುವುದರಿಂದಲೇ ನನಗೆ ಅನುಮಾನ.

ನನ್ನ ಅನುಮಾನಕ್ಕೆ ಸ್ವಲ್ಪ ಹಿನ್ನೆಲೆ ಬೇಕು. ನವಿಮುಂಬಯಿಯ ಐರೋಲಿ, ಘನ್ಸೋಲಿಗಳ ಕಚೇರಿಗಳಲ್ಲಿ ದುಡಿಯುವ ಅನೇಕರ ಹಾಗೆ ನಾನೂ ಸ್ಪ್ಯಾನಿಷ್ ಕಲಿತದ್ದು ಸಾಹಿತ್ಯಕ್ಕಾಗಿ ಅಲ್ಲ, ಹೊಟ್ಟೆಪಾಡಿಗಾಗಿ. ಗ್ರಾಹಕರು ಮೆಕ್ಸಿಕೋದವರು. ಇನ್‌ವಾಯ್ಸು, ಬಾಕಿ, ವಿಳಂಬ, ಕ್ಷಮೆ ಇವಿಷ್ಟು ಹೇಳಲು ಬೇಕಾದ ಭಾಷೆ ಸಾಕಿತ್ತು. ಆದರೆ ಒಂದು ಭಾಷೆ ಅಷ್ಟಕ್ಕೇ ನಿಲ್ಲುವುದಿಲ್ಲವಲ್ಲ. ಡೊಂಬಿವಲಿಯಿಂದ ಠಾಣೆಗೆ, ಅಲ್ಲಿ ಗಾಡಿ ಬದಲಿಸಿ ಐರೋಲಿಗೆ ಹೋಗಿಬರುವ ಹೊತ್ತಿನಲ್ಲಿ ಫೋನಿನಲ್ಲೇ ಕಾದಂಬರಿಯ ಮೂಲವನ್ನು ನಿಘಂಟಿನ ಜೊತೆ ನಿಧಾನವಾಗಿ ಓದಿದೆ. ಹಾಗೆ ಓದುವಾಗ ಸೊಲೆದಾದ್ ಎದುರಾದ ಕಡೆಯೆಲ್ಲ ಮನಸ್ಸಿನಲ್ಲಿ ‘ಏಕಾಂತ’ ಎಂದು ಹಾಕಿ ನೋಡುತ್ತಿದ್ದೆ. ಕೆಲವು ಕಡೆ ಅದು ಬೀಗಕ್ಕೆ ಕೀಲಿಯಂತೆ ಕೂತಿತು. ಕೆಲವು ಕಡೆ ಒಳಗೇ ಹೋಗಲಿಲ್ಲ.

ಸ್ಪೇನಿನ ರಾಜ ಅಕಾಡೆಮಿಯ ನಿಘಂಟು ಈ ಪದಕ್ಕೆ ಮೂರು ಅರ್ಥ ಕೊಡುತ್ತದೆ. ಮೊದಲನೆಯದು, ಜೊತೆಯಿಲ್ಲದಿರುವುದು, ಅದು ತಾನಾಗಿ ಬಯಸಿದ್ದಿರಬಹುದು ಅಥವಾ ಬಯಸದೆ ಬಂದದ್ದಿರಬಹುದು. ಎರಡನೆಯದು, ಜನವಸತಿಯಿಲ್ಲದ ನಿರ್ಜನ ಜಾಗ. ಮೂರನೆಯದು, ಯಾರನ್ನೋ ಯಾವುದನ್ನೋ ಅಗಲಿದ, ಕಳೆದುಕೊಂಡ ದುಃಖ. ಮೊದಲನೆಯ ಅರ್ಥದಲ್ಲಿಯೇ ಎರಡು ಅರ್ಥ ಅಡಗಿವೆ ಎಂಬುದನ್ನು ಗಮನಿಸಬೇಕು. ಬಯಸಿದ ಒಬ್ಬನಿರುವಿಕೆಗೂ ಬಯಸದ ಒಬ್ಬನಿರುವಿಕೆಗೂ ಸ್ಪ್ಯಾನಿಷ್ ಒಂದೇ ಹೆಸರಿಟ್ಟು ಸುಮ್ಮನಾಗಿದೆ.

ಎರಡನೆಯ ಅರ್ಥಕ್ಕೆ ಹಳೆಯ ಸಾಕ್ಷಿ ಗೊಂಗೊರಾ. 1613ರಲ್ಲಿ ಓದುಗರ ನಡುವೆ ಹರಿದಾಡತೊಡಗಿದ ಅವನ ‘ಸೊಲೆದಾದೆಸ್’ ಕಾವ್ಯ ಇದೇ ಪದದ ಬಹುವಚನ. ಹಡಗೊಡೆದು ದಡ ಸೇರಿದ ಯುವಕನೊಬ್ಬ ಹೊಲ, ತೀರಗಳ ನಡುವೆ ಅಲೆಯುವ ಕತೆ ಅದು. ಅಲ್ಲಿ ಸೊಲೆದಾದ್ ಎಂದರೆ ಮನಸ್ಸಿನ ಸ್ಥಿತಿಗಿಂತ ಹೆಚ್ಚಾಗಿ ಜಾಗ. ಕನ್ನಡದಲ್ಲಿ ನಾವು ‘ಮನೆ ಬಿಕೋ ಅನ್ನುತ್ತದೆ’ ಎನ್ನುತ್ತೇವಲ್ಲ, ಆ ಬಿಕೋ ಎನ್ನುವುದರ ಹತ್ತಿರದ ನೆಂಟ. ಹಬ್ಬ ಮುಗಿಸಿ ಊರಿನಿಂದ ಬಂದ ತಂದೆತಾಯಿ ಮರಳಿ ಹೋದ ಮೇಲೆ ನಮ್ಮ ಒಂದು ಬೆಡ್‌ರೂಮಿನ ಮನೆಯೂ ಎರಡು ದಿನ ಹಾಗೆ ಅನ್ನುತ್ತದೆ.

ಮೂರನೆಯ ಅರ್ಥ ಇನ್ನೂ ಆಳದ್ದು. ‘ಸೊಲುಸ್’ ಎಂಬ ಲ್ಯಾಟಿನ್ ಪದದಿಂದಲೇ ಪೋರ್ಚುಗೀಸರ ‘ಸೌದಾದ್ಯೆ’ ಕೂಡ ಬಂದಿದೆ: ದೂರವಾದುದರ ಹಂಬಲ, ಸಿಗದುದರ ಕೊರಗು. ಪೋರ್ಚುಗೀಸರ ಮಾತು ನಮ್ಮ ಈ ಸೀಮೆಗೆ ಪರದೇಶದ್ದೇನೂ ಅಲ್ಲ. 1737ರಲ್ಲಿ ಮರಾಠರು ಗೆಲ್ಲುವ ತನಕ ಠಾಣೆ ಅವರ ಕೈಯಲ್ಲಿತ್ತು. ಅವರು ಕಟ್ಟಲು ತೊಡಗಿದ ಕೋಟೆಯೇ ಇಂದಿನ ಠಾಣೆ ಸೆಂಟ್ರಲ್ ಜೈಲು. ಸ್ಪ್ಯಾನಿಷಿನಲ್ಲಿ ಸೊಲೆದಾದ್ ಹೆಣ್ಣಿನ ಹೆಸರೂ ಹೌದು. ಮಗನನ್ನು ಶಿಲುಬೆಯಲ್ಲಿ ಕಳೆದುಕೊಂಡು ಕಪ್ಪುಡುಗೆಯಲ್ಲಿ ನಿಂತ ಮೇರಿಮಾತೆಯನ್ನು ಆ ಹೆಸರಿನಿಂದ ಪೂಜಿಸುತ್ತಾರೆ, ಮಕ್ಕಳಿಗೂ ಇಡುತ್ತಾರೆ. ಮೆಕ್ಸಿಕೋದಲ್ಲಿ ಆ ಹೆಸರಿನವರನ್ನು ಮನೆಯಲ್ಲಿ ಮುದ್ದಿನಿಂದ ಕರೆಯುವುದು ‘ಚೋಲೆ’ ಎಂದು. ಡೊಂಬಿವಲಿಯಲ್ಲಿ ಚೋಲೆ ಎಂದರೆ ಜೊತೆಗೆ ಭಟೂರೆ ಬರಬೇಕು, ಅಲ್ಲಿ ಅದರ ಜೊತೆಗೆ ಯಾರೂ ಇಲ್ಲ! ಲೋರ್ಕಾ 1928ರ ‘ರೊಮಾನ್ಸೆರೊ ಹಿತಾನೊ’ದಲ್ಲಿ ಕಡುದುಃಖದ ಹೆಣ್ಣೊಬ್ಬಳಿಗೆ ಸೊಲೆದಾದ್ ಮೊಂತೋಯಾ ಎಂದು ಹೆಸರಿಟ್ಟಾಗ ಈ ಎಲ್ಲ ಅರ್ಥಗಳೂ ಅವನ ಓದುಗರ ಕಿವಿಯಲ್ಲಿದ್ದವು.

ಈಗ ಅನುವಾದದ ಕಡೆ ಬರೋಣ. ಕಾದಂಬರಿಯನ್ನು 1970ರಲ್ಲಿ ಇಂಗ್ಲಿಷಿಗೆ ತಂದವರು ಗ್ರೆಗರಿ ರಬಾಸಾ. ಅವರ ಮುಂದೆ ಎರಡು ಪದಗಳಿದ್ದವು, ‘ಸಾಲಿಟ್ಯೂಡ್’ ಮತ್ತು ‘ಲೋನ್ಲಿನೆಸ್’. 2005ರಲ್ಲಿ ಬರೆದ ನೆನಪಿನ ಪುಸ್ತಕದಲ್ಲಿ ಅವರು ಇದರ ಬಗ್ಗೆ ಹೇಳಿಕೊಂಡಿದ್ದಾರೆ. ಮೂಲ ಪದದಲ್ಲಿ ಒಬ್ಬನೇ ಇರುವುದರ ಸುಖವೂ ಇದೆ, ಸಂಕಟವೂ ಇದೆ. ಎರಡರಲ್ಲಿ ಹೆಚ್ಚು ವಿಶಾಲವಾದದ್ದು ಸಾಲಿಟ್ಯೂಡ್, ಒಂಟಿತನದ ಬೀಜವನ್ನೂ ಅದು ಹೊರಬಲ್ಲದು ಎಂಬುದು ಅವರ ವಾದದ ಸಾರ. ವಾದ ಒಪ್ಪುವಂಥದ್ದೇ. ಆದರೆ ಅದು ಇಂಗ್ಲಿಷಿನ ಬಗ್ಗೆ ಮಾಡಿದ ವಾದ. ಕನ್ನಡಕ್ಕೆ ಸ್ಪ್ಯಾನಿಷ್ ಸಾಹಿತ್ಯ ಹೆಚ್ಚಾಗಿ ಇಂಗ್ಲಿಷಿನ ಹೊಸ್ತಿಲು ದಾಟಿಯೇ ಬಂದಿದೆ. ಸಾಲಿಟ್ಯೂಡ್ ಎಂದರೆ ಏಕಾಂತ ಎಂದು ಸಲೀಸಾಗಿ ಹೇಳಿಬಿಡುವಾಗ ರಬಾಸಾ ಕಂಡ ಆ ಬೀಜ ಏಕಾಂತದಲ್ಲೂ ಇದೆಯೇ ಎಂದು ನಾವು ಕೇಳಿಕೊಂಡಿಲ್ಲ.

ಕೇಳಿಕೊಳ್ಳಲು ಒಂದು ಸುಲಭ ಪರೀಕ್ಷೆ ಇದೆ. ಪದದ ಜೊತೆ ಯಾವ ಕ್ರಿಯಾಪದ ಬರುತ್ತದೆ ನೋಡಿ. ‘ಸ್ವಲ್ಪ ಏಕಾಂತ ಬೇಕು’ ಎನ್ನುತ್ತೇವೆ. ‘ಸ್ವಲ್ಪ ಒಂಟಿತನ ಬೇಕು’ ಎಂದು ಯಾರೂ ಅನ್ನುವುದಿಲ್ಲ. ‘ಒಂಟಿತನ ಕಾಡುತ್ತದೆ’ ಎನ್ನುತ್ತೇವೆ. ‘ಏಕಾಂತ ಕಾಡುತ್ತದೆ’ ಎಂದರೆ ಏನೋ ತಪ್ಪಿದ ಹಾಗೆ ಕೇಳುತ್ತದೆ. ಏಕಾಂತ ಸಿಗುತ್ತದೆ, ಒಂಟಿತನ ಬಂದೊದಗುತ್ತದೆ. ಏಕಾಂತಕ್ಕೆ ಭಂಗ ಬರುತ್ತದೆ, ಒಂಟಿತನ ನೀಗುತ್ತದೆ. ಸೊಲೆದಾದ್ ಇವೆಲ್ಲ ಕ್ರಿಯಾಪದಗಳ ಜೊತೆಗೂ ಸಂಸಾರ ಮಾಡುತ್ತದೆ.

ಎರಡು ಪದಗಳ ಹುಟ್ಟಿನಲ್ಲೂ ಭೇದವಿದೆ. ‘ಒಂಟಿ’ ಎನ್ನುವಾಗ ಇನ್ನೊಂದು ಇರಬೇಕಿತ್ತು ಎಂಬ ನಿರೀಕ್ಷೆ ಇರುತ್ತದೆ. ಒಂಟಿ ಎತ್ತಿನಿಂದ ಬೇಸಾಯ ಆಗದು, ಅದಕ್ಕೆ ಜೋಡಿ ಬೇಕು. ಜೋಡಿ ತಪ್ಪಿದ್ದೇ ಒಂಟಿ. ‘ಏಕಾಂತ’ದಲ್ಲಿ ಏನೂ ತಪ್ಪಿಲ್ಲ, ಅದು ತನ್ನಲ್ಲೇ ತುಂಬಿಕೊಂಡಿದೆ. ಅದಕ್ಕೇ ಏನೋ ಕನ್ನಡ ವಿಮರ್ಶೆಗೆ ಏಕಾಂತದ ಮೇಲೆ ಬಹಳ ಮೋಹ. ಕವಿಯ ಏಕಾಂತ, ಸಾಧಕನ ಏಕಾಂತ, ಏಕಾಂತ ಮತ್ತು ಲೋಕಾಂತ ಎಂದು ಜೋಡಿಸಿ ಬರೆದ ಎಷ್ಟು ಲೇಖನಗಳನ್ನು ನಾವು ಓದಿಲ್ಲ! ಒಂಟಿತನವನ್ನು ಆ ಗೌರವದಿಂದ ಯಾರೂ ಮಾತಾಡಿಸಿಲ್ಲ.

ಈ ಎರಡನ್ನೂ ಹಿಡಿದುಕೊಂಡು ಕಾದಂಬರಿಯೊಳಗೆ ಹೋದರೆ ಏನಾಗುತ್ತದೆ? ಐದು ಕಡೆ ನಿಂತು ನೋಡೋಣ.

ಮೊದಲನೆಯದು ಮೆಲ್ಕಿಯಾದೆಸ್. ಸತ್ತುಹೋದನೆಂದು ಸುದ್ದಿಯಾಗಿದ್ದ ಈ ಜಿಪ್ಸಿ ಮಕೊಂದೊಗೆ ಮರಳಿ ಬರುತ್ತಾನೆ. ಅವನು ನಿಜಕ್ಕೂ ಸತ್ತಿದ್ದ. ಆದರೆ ಸಾವಿನಲ್ಲಿ ಸೊಲೆದಾದ್ ತಾಳಲಾರದೆ ಎದ್ದು ಬಂದಿದ್ದಾನೆ. ಇಲ್ಲಿ ಏಕಾಂತ ಎಂದು ಹಾಕಿದರೆ ಕತೆ ತಮಾಷೆಯಾಗುತ್ತದೆ. ಏಕಾಂತ ತಾಳಲಾರದೆ ಯಾರೂ ಸಾವಿನಿಂದ ಎದ್ದು ಬರುವುದಿಲ್ಲ. ಇದು ಅಪ್ಪಟ ಒಂಟಿತನ.

ಎರಡನೆಯದು ಕರ್ನಲ್ ಔರೆಲಿಯಾನೊ ಬುವೆಂದಿಯಾ. ಅಧಿಕಾರದ ತುತ್ತತುದಿಯಲ್ಲಿದ್ದಾಗ ಅವನು ಹೋಗಿ ನಿಂತಲ್ಲೆಲ್ಲ ಸಹಾಯಕರು ಸೀಮೆಸುಣ್ಣದಿಂದ ಅವನ ಸುತ್ತ ವೃತ್ತ ಎಳೆಯುತ್ತಾರೆ. ಹೆತ್ತ ತಾಯಿಯೂ ಮೂರು ಮೀಟರಿಗಿಂತ ಹತ್ತಿರ ಬರುವಂತಿಲ್ಲ. ಆ ವೃತ್ತವನ್ನು ಎಳೆಸಿಕೊಂಡವನು ಅವನೇ, ಒಳಗೆ ಸಿಕ್ಕಿಬಿದ್ದವನೂ ಅವನೇ. ಇದು ಬಯಸಿದ್ದೋ, ಬಯಸದೆ ಬಂದದ್ದೋ? ಕನ್ನಡದ ಎರಡು ಪದಗಳ ನಡುವಿನ ಗೆರೆ ಇಲ್ಲಿ ಅಳಿಸಿಹೋಗುತ್ತದೆ.

ಮೂರನೆಯದು ರೆಬೆಕಾ. ಗಂಡ ಸತ್ತ ಮೇಲೆ ಮನೆಯ ಬಾಗಿಲು ಹಾಕಿಕೊಂಡು ಕೂತವಳನ್ನು ಊರೇ ಮರೆತುಬಿಡುತ್ತದೆ. ವರ್ಷಗಳ ನಂತರ ಬಂಧುಗಳು ಕನಿಕರದಿಂದ ಕರೆಯಲು ಬಂದರೆ ಒಲ್ಲೆ ಎನ್ನುತ್ತಾಳೆ. ನೋವುಂಡು, ವರ್ಷಗಟ್ಟಲೆ ಸಂಕಟಪಟ್ಟು ಸಂಪಾದಿಸಿದ ಹಕ್ಕನ್ನು ಮುಪ್ಪಿನಲ್ಲಿ ಯಾರದೋ ದಯೆಗಾಗಿ ಬಿಟ್ಟುಕೊಡಲು ಅವಳು ತಯಾರಿಲ್ಲ. ಇಲ್ಲಿ ಏಕಾಂತವೇ ಸರಿ. ಆದರೆ ಅದು ಒಂಟಿತನವನ್ನು ತೇದು ತೇದು ಮಾಡಿಕೊಂಡ ಏಕಾಂತ.

ನಾಲ್ಕನೆಯದು ಮತ್ತೆ ಕರ್ನಲ್, ಮುಪ್ಪಿನಲ್ಲಿ. ಯುದ್ಧಗಳೆಲ್ಲ ಮುಗಿದು ಚಿನ್ನದ ಪುಟ್ಟ ಮೀನುಗಳನ್ನು ಮಾಡುತ್ತಾ, ಇಪ್ಪತ್ತೈದಾದಾಗ ಕರಗಿಸಿ ಮತ್ತೆ ಮೊದಲಿನಿಂದ ಮಾಡುತ್ತಾ ಕೂತಿದ್ದಾನೆ. ಒಳ್ಳೆಯ ಮುಪ್ಪಿನ ಗುಟ್ಟೆಂದರೆ ಸೊಲೆದಾದ್ ಜೊತೆಗೆ ಮಾನದಿಂದ ಒಂದು ಕರಾರು ಮಾಡಿಕೊಳ್ಳುವುದು ಎಂಬ ತಿಳಿವಿಗೆ ಅವನು ಬಂದಿದ್ದಾನೆ. ಶತ್ರುವಿನ ಜೊತೆಗೆ ತಾನೆ ಕರಾರು? ಹಾಗಾದರೆ ಒಂಟಿತನ. ಕರಾರು ಆದ ಮೇಲೆ ಅದನ್ನು ಏನೆಂದು ಕರೆಯುವುದು? ಏಕಾಂತ.

ಐದನೆಯದು ನನಗೆ ಬಹಳ ಇಷ್ಟವಾದ ಜಾಗ. ನಾಲ್ಕು ವರ್ಷ ಹನ್ನೊಂದು ತಿಂಗಳು ಎರಡು ದಿನ ಸುರಿದ ಮಳೆ ನಿಂತಿದೆ. ಐಶ್ವರ್ಯವೆಲ್ಲ ಕೊಚ್ಚಿಹೋಗಿ ಲಾಟರಿ ಚೀಟಿ ಮಾರಿ ಹೊಟ್ಟೆ ಹೊರೆಯುವ ಔರೆಲಿಯಾನೊ ಸೆಗುಂದೊ ಮತ್ತು ಪೆತ್ರಾ ಕೋತೆಸ್, ವಯಸ್ಸಾದ ಮೇಲೆ, ಬಡವರಾದ ಮೇಲೆ, ನಿಜವಾಗಿ ಪ್ರೀತಿಸತೊಡಗುತ್ತಾರೆ. ಇಬ್ಬರೂ ಹಂಚಿಕೊಂಡ ಸೊಲೆದಾದ್ ಒಂದು ಸ್ವರ್ಗವಾಗಿ ಅವರಿಗೆ ಸಿಗುತ್ತದೆ. ಇಂಗ್ಲಿಷಿನಲ್ಲಿ ಇದು ವಿರೋಧಾಭಾಸ. ಕನ್ನಡದಲ್ಲಿ ಅಲ್ಲವೇ ಅಲ್ಲ! ಕನ್ನಡದಲ್ಲಿ ಇಬ್ಬರಿಗೂ ಏಕಾಂತವಿದೆ. ‘ನಿಮ್ಮ ಹತ್ತಿರ ಏಕಾಂತವಾಗಿ ಮಾತಾಡಬೇಕು’ ಎನ್ನುತ್ತೇವೆ. ಹೊಸದಾಗಿ ಮದುವೆಯಾದವರಿಗೆ ಏಕಾಂತ ಬೇಕು ಎನ್ನುತ್ತೇವೆ. ಮೂಲದಲ್ಲೂ ಇಂಗ್ಲಿಷಿನಲ್ಲೂ ಬಗ್ಗಿಸಿ ಹೇಳಬೇಕಾದದ್ದನ್ನು ನಮ್ಮ ಪದ ನೆಟ್ಟಗೆ ನಿಂತು ಹೇಳುತ್ತದೆ.

ಅಂದರೆ ಏಕಾಂತ ನಾವು ತಿಳಿದಷ್ಟು ಸರಳ ಪದವೇನೂ ಅಲ್ಲ. ಅಬ್ಬಲೂರಿನ ಏಕಾಂತದ ರಾಮಯ್ಯನ ಹೆಸರಿನಲ್ಲಿ ಅದು ಒಬ್ಬನೇ ದೇವರಲ್ಲಿಟ್ಟ ಒಂದೇ ನಿಷ್ಠೆ. ತಿರುಮಲೆಯ ಏಕಾಂತ ಸೇವೆಯಲ್ಲಿ ದಿನದ ಗದ್ದಲವೆಲ್ಲ ಮುಗಿದು ದೇವರನ್ನು ಮಲಗಿಸುವ ಹೊತ್ತು. ಜೈನ ದರ್ಶನದಲ್ಲಿ ಏಕಾಂತವೆಂದರೆ ಒಂದೇ ಕೊನೆಯನ್ನು ಹಿಡಿದು ಎಳೆಯುವ ಹಟ, ಅದಕ್ಕೆ ಉತ್ತರವಾಗಿ ಅನೇಕಾಂತ. ಇಷ್ಟು ಕಡೆಗೆ ಚಾಚಿಕೊಂಡ ಪದ ಇನ್ನೊಂದು ಕಡೆಗೂ, ಸಂಕಟದ ಕಡೆಗೂ ಚಾಚಿಕೊಳ್ಳಲಾರದೇ ಎಂಬುದು ಪ್ರಶ್ನೆ.

ನೆರೆಯ ಭಾಷೆಗಳವರು ಏನು ಮಾಡಿದ್ದಾರೆ? ತಮಿಳರು ‘ತನಿಮೈ’ ಎಂದರು. ಆ ಪದಕ್ಕೆ ಒಂಟಿತನವೂ ಏಕಾಂತವೂ ಎರಡೂ ಅರ್ಥವಿರುವುದರಿಂದ ಅವರಿಗೆ ಕಷ್ಟವೇ ಇಲ್ಲ. ಮಲಯಾಳಿಗಳ ‘ಏಕಾಂತತ’ ನೋಡಲು ನಮ್ಮ ಪದದ ತಮ್ಮನಂತಿದ್ದರೂ ಅಲ್ಲಿ ಒಂಟಿತನದ ನೋವಿಗೂ ಅದೇ ಮಾತು. ಮೂಲದಿಂದಲೇ ಹಿಂದಿಗೆ ತಂದ ಸೋನ್ಯಾ ಸುರಭಿ ಗುಪ್ತಾ ಅವರೂ ‘ಏಕಾಂತ್’ ಎಂದೇ ಆರಿಸಿಕೊಂಡರು. ನಮ್ಮ ಸುತ್ತಲಿನ ಮರಾಠಿಯಲ್ಲಿ ‘ಏಕಾಂತ್’ ಮತ್ತು ‘ಏಕಟೇಪಣಾ’ ಎಂದು ಕನ್ನಡದ ಹಾಗೆಯೇ ಎರಡು ಕೋಣೆಗಳು. ಕನ್ನಡ, ಮರಾಠಿಗಳಂತೆ ಸುಖಕ್ಕೊಂದು ದುಃಖಕ್ಕೊಂದು ಪದ ಇಟ್ಟುಕೊಂಡ ಭಾಷೆಗಳಿಗೆ ಈ ಕಾದಂಬರಿ ಒಂದು ಕಷ್ಟದ ಆಯ್ಕೆಯನ್ನು ಮುಂದಿಡುತ್ತದೆ. ಸಂದರ್ಭ ನೋಡಿ ಎರಡು ಪದ ಬಳಸಿದರೆ ಪ್ರತಿ ವಾಕ್ಯವೂ ಸರಿಯಾಗುತ್ತದೆ, ಆದರೆ ಕಾದಂಬರಿಯುದ್ದಕ್ಕೂ ಹೊಡೆದುಕೊಳ್ಳುವ ಒಂದೇ ಗಂಟೆಯ ಸದ್ದು ಒಡೆದುಹೋಗುತ್ತದೆ. ಒಂದೇ ಪದ ಬಳಸಿದರೆ ಗಂಟೆ ಉಳಿಯುತ್ತದೆ, ಕೆಲವು ವಾಕ್ಯಗಳು ಮುಜುಗರಪಡುತ್ತವೆ.

ನನ್ನ ನಿಲುವು ಎರಡನೆಯದು. ಒಂದೇ ಪದ ಇರಲಿ, ಅದು ಏಕಾಂತವೇ ಆಗಿರಲಿ, ಮೆಲ್ಕಿಯಾದೆಸ್ ಎದ್ದು ಬರುವಲ್ಲೂ ಅದೇ ಇರಲಿ, ಓದುಗನಿಗೆ ಮುಜುಗರವಾಗಲಿ. ಕಾರಣ ಕಾದಂಬರಿಯ ಕೊನೆಯ ವಾಕ್ಯದಲ್ಲಿದೆ. ಅಲ್ಲಿ ನೂರು ವರ್ಷಗಳ ಸೊಲೆದಾದ್ ಒಂದು ವಂಶಕ್ಕೆ ವಿಧಿಸಿದ ಶಿಕ್ಷೆ, ಅಂಥ ವಂಶಗಳಿಗೆ ಭೂಮಿಯ ಮೇಲೆ ಇನ್ನೊಂದು ಅವಕಾಶವಿಲ್ಲ. ಹೆಸರಿನಲ್ಲಿ ವರದಂತೆ ಕಂಡ ಪದ ಕೊನೆಯಲ್ಲಿ ಶಿಕ್ಷೆಯಾಗಬೇಕಾದರೆ ನಡುವಿನ ಪುಟಗಳಲ್ಲಿ ಅದು ಸ್ವಲ್ಪ ಸ್ವಲ್ಪವೇ ಕೆಡುತ್ತಾ ಬರಬೇಕು. ‘ಒಂಟಿತನ’ ಎಂದು ಶುರುಮಾಡಿದರೆ ಕೆಡಲು ಏನೂ ಉಳಿದಿರುವುದಿಲ್ಲ. ನೂರು ವರ್ಷ ಒಂದು ಪದಕ್ಕೆ ಹೊಸ ಅರ್ಥ ಕಲಿಸಲು ಸಾಕಷ್ಟು ಕಾಲ.

ಹಾಗಾದರೆ ನನ್ನ ತಕರಾರು ಅನುವಾದಕರ ಮೇಲಲ್ಲ. ತಕರಾರಿರುವುದು ನಾವು ಆ ಹೆಸರನ್ನು ಓದಿಕೊಳ್ಳುವ ರೀತಿಯ ಮೇಲೆ. ಕನ್ನಡದಲ್ಲಿ ಈ ಕೃತಿಯ ಬಗ್ಗೆ ಮಾತು ಬಂದಾಗಲೆಲ್ಲ ಮಾಯಾವಾಸ್ತವ, ಹಾರಿಹೋಗುವ ಹುಡುಗಿ, ಹಳದಿ ಚಿಟ್ಟೆಗಳು ಇಷ್ಟರಲ್ಲೇ ಮಾತು ಮುಗಿಯುತ್ತದೆ. ಏಕಾಂತ ಎಂಬುದನ್ನು ಸುಂದರವಾದೊಂದು ಅಲಂಕಾರವೆಂದು ಪಕ್ಕಕ್ಕಿಟ್ಟುಬಿಡುತ್ತೇವೆ. ಮಾರ್ಕೆಸ್ 1982ರಲ್ಲಿ ನೊಬೆಲ್ ಭಾಷಣಕ್ಕೂ ಇದೇ ಪದವಿದ್ದ ಹೆಸರಿಟ್ಟ, ಲ್ಯಾಟಿನ್ ಅಮೆರಿಕದ ಸೊಲೆದಾದ್ ಎಂದು. ಅಲ್ಲಿ ಅವನು ಹೇಳಿದ್ದು ಕೊಲೆಗಳ, ಕಾಣೆಯಾದವರ, ದೇಶ ಬಿಟ್ಟವರ ಲೆಕ್ಕ. ನಮ್ಮ ಬದುಕನ್ನು ಹೊರಗಿನವರು ನಂಬುವ ಹಾಗೆ ಹೇಳಲು ರೂಢಿಯ ಸಾಧನಗಳು ಸಾಲದಾಗಿವೆ, ನಮ್ಮ ಸೊಲೆದಾದಿನ ತಿರುಳು ಅದೇ ಎಂಬುದು ಅವನ ವಾದ. ಜೊತೆಗೆ ಜನ ಇಲ್ಲದಿರುವುದಲ್ಲ, ಹೇಳಿದರೆ ನಂಬುವವರು ಇಲ್ಲದಿರುವುದು.

ಆಕ್ಟಾವಿಯೋ ಪಾಸ್ 1950ರಲ್ಲಿ ಪ್ರಕಟಿಸಿದ ‘ಎಲ್ ಲಬೆರಿಂತೊ ದೆ ಲಾ ಸೊಲೆದಾದ್’ ಕೂಡ ಇಲ್ಲಿ ನೆನಪಾಗಬೇಕು. 1962ರಿಂದ 68ರವರೆಗೆ ದಿಲ್ಲಿಯಲ್ಲಿ ಮೆಕ್ಸಿಕೋದ ರಾಯಭಾರಿಯಾಗಿದ್ದವರು ಇವರೇ. ಮೆಕ್ಸಿಕೋದವರ ಸ್ವಭಾವದ ಬಗೆಗಿನ ಆ ಪುಸ್ತಕ ಶುರುವಾಗುವುದು ಮೆಕ್ಸಿಕೋದಲ್ಲಲ್ಲ, ಲಾಸ್ ಏಂಜಲಿಸ್‌ನಲ್ಲಿ, ಅಲ್ಲಿನ ವಲಸಿಗರ ಮಕ್ಕಳಿಂದ. ಬಿಟ್ಟು ಬಂದ ನಾಡಿಗೂ ಸೇರದ, ಬಂದ ನಾಡಿಗೂ ಒಗ್ಗದ ಹುಡುಗರು ವಿಚಿತ್ರ ಉಡುಪು ತೊಟ್ಟು ಬೀದಿಯಲ್ಲಿ ನಿಲ್ಲುವುದನ್ನು ಕಂಡು ಅವರಿಗೆ ತಮ್ಮ ದೇಶದ ಸೊಲೆದಾದ್ ಅರ್ಥವಾಗತೊಡಗಿತು.

ಇದು ನಮಗೆ ದೂರದ ವಿಷಯವೇ? ಡೊಂಬಿವಲಿಯಲ್ಲಿ, ಕಲ್ಯಾಣದಲ್ಲಿ ಬೆಳಿಗ್ಗೆ ಫಾಸ್ಟ್ ಲೋಕಲಿನ ಬಾಗಿಲಲ್ಲಿ ಜೋತಾಡುವವನಿಗೆ ಏಕಾಂತ ಎಂಬುದು ಕೈಗೆಟುಕದ ವಸ್ತು. ಐರೋಲಿಯ ಎರಡು ಕೋಣೆಯ ಮನೆಯಲ್ಲಿ ಆರು ಜನ ಬಾಡಿಗೆ ಹಂಚಿಕೊಂಡು ಇರುವ ಹುಡುಗರಿಗೆ ಊರಿಗೆ ಫೋನು ಮಾಡಲು ಒಂದು ಮೂಲೆ ಸಿಗುವುದಿಲ್ಲ, ಬಿಲ್ಡಿಂಗಿನ ಮೆಟ್ಟಿಲ ಮೇಲೆ ಕೂತು ಮಾತಾಡುತ್ತಾರೆ. ‘ಒಬ್ಬನೇ ಇರ್ತೀಯಲ್ಲಪ್ಪ, ಹೊತ್ತು ಹೇಗೆ ಹೋಗುತ್ತೆ?’ ಎಂದು ಅಮ್ಮ ಕೇಳಿದರೆ ‘ಆರಾಮಾಗಿದ್ದೀನಮ್ಮ’ ಎನ್ನುತ್ತಾರೆ. ಏಕಾಂತ ಒಂದು ಚೂರೂ ಇಲ್ಲ, ಒಂಟಿತನ ಬೇಕಾದಷ್ಟಿದೆ. ಇಂಥ ಸ್ಥಿತಿಗೆ ಸ್ಪ್ಯಾನಿಷ್ ಪದ ಸಾಲದು, ಅಲ್ಲಿ ಎರಡೂ ಬೆರೆತುಹೋಗಿವೆ. ಎರಡನ್ನೂ ಬೇರೆ ಮಾಡಿ ತೋರಿಸಬಲ್ಲದ್ದು ಕನ್ನಡವೇ. ನಮ್ಮ ಭಾಷೆಯ ಬಡತನವೆಂದು ಕಂಡದ್ದು ಇಲ್ಲಿ ಅದರ ಬಲ.

ಆ ಬಲವನ್ನು ಬಳಸಿದವರು ನಮ್ಮಲ್ಲಿದ್ದಾರೆ. ಮುಂಬಯಿಯಲ್ಲೇ ಬಾಳಿ ಬರೆದ ಯಶವಂತ ಚಿತ್ತಾಲರ ‘ಶಿಕಾರಿ’ 1979ರಲ್ಲಿ ಬಂತು. ಕಂಪನಿಯ ದೊಡ್ಡ ಹುದ್ದೆಯಲ್ಲಿದ್ದ ನಾಗಪ್ಪ ಇದ್ದಕ್ಕಿದ್ದಂತೆ ಅಮಾನತ್ತಾಗಿ, ಯಾರನ್ನು ನಂಬಬೇಕು ಯಾರನ್ನು ಬಿಡಬೇಕು ತಿಳಿಯದೆ ತನ್ನೊಳಗೇ ಸುತ್ತುವ ಕತೆ. ಅವನಿಗೆ ಸಿಗುವ ಏಕಾಂತದ ಪ್ರತಿ ಕ್ಷಣವೂ ಭಯದಿಂದ ತುಂಬಿದೆ. ಕರ್ನಲ್‌ನ ಸುಣ್ಣದ ವೃತ್ತವನ್ನು ಇಲ್ಲಿ ಬೇರೆಯವರು ಎಳೆಯುತ್ತಾರೆ. ‘ಶಿಕಾರಿ’ಯನ್ನು ಓದಿದ ಮುಂಬಯಿ ಕನ್ನಡಿಗನಿಗೆ ಸೊಲೆದಾದ್ ಅರ್ಥವಾಗಲು ನಿಘಂಟು ಬೇಕಾಗುವುದಿಲ್ಲ.

ಆದರೆ ನಮ್ಮ ಇತ್ತೀಚಿನ ಬರವಣಿಗೆ, ಸಂಘಗಳ ಕವಿಗೋಷ್ಠಿಗಳಲ್ಲಿ ಕೇಳುವುದು, ಇಂಥ ಜಾಲಪತ್ರಿಕೆಗಳಿಗೆ ನಾವೇ ಬರೆದು ಕಳಿಸುವುದು ಬೇರೆಯೇ ದಾರಿ ಹಿಡಿದಿದೆ. ಅಲ್ಲಿ ಖಾಡಿಯ ಮೇಲಿನ ಸಂಜೆ ಏಕಾಂತ, ಮಳೆಗಾಲದ ಕಿಟಕಿ ಏಕಾಂತ, ಕೊನೆಯ ಗಾಡಿಯ ಖಾಲಿ ಸೀಟೂ ಏಕಾಂತ. ಕಾಡುವುದಕ್ಕೆ ನಾವು ಬೇಕು ಎನ್ನುವುದರ ಹೆಸರಿಡುತ್ತಿದ್ದೇವೆ. ಊರಿನವರು ಓದಿದರೆ ನಾವಿಲ್ಲಿ ತಪಸ್ಸಿಗೆ ಕೂತಿದ್ದೇವೆಂದು ತಿಳಿದಾರು. ಮಾರ್ಕೆಸ್ ಹೇಳಿದ ಆ ತಿರುಳು, ನಂಬುವ ಹಾಗೆ ಹೇಳಲಾರದಿರುವುದು, ಇಲ್ಲಿ ನಮ್ಮದೇ ಕೈಕೆಲಸ. ಚೆಂದದ ಪದದ ಹಿಂದೆ ನಿಂತರೆ ಯಾರೂ ನಮ್ಮನ್ನು ಹುಡುಕಿಕೊಂಡು ಬರುವುದಿಲ್ಲ.

ಅದಕ್ಕೇ ಓದುವಾಗಲೂ ಬರೆಯುವಾಗಲೂ ಆ ಕ್ರಿಯಾಪದದ ಪರೀಕ್ಷೆ ಉಪಯೋಗಕ್ಕೆ ಬರುತ್ತದೆ. ‘ಏಕಾಂತ’ ಎಂದು ಬರೆದ ಕಡೆ ಒಮ್ಮೆ ನಿಂತು, ಇದು ಬೇಕಾದದ್ದೋ ಕಾಡುವುದೋ ಎಂದು ಕೇಳಿಕೊಳ್ಳಬಹುದು. ಕಾಡುವುದಾದರೆ ಒಂಟಿತನ ಎಂದೇ ಬರೆಯೋಣ, ಆ ಪದಕ್ಕೆ ಸಾಹಿತ್ಯದಲ್ಲಿ ಮರ್ಯಾದೆ ಕಡಿಮೆಯಾದರೂ ಸರಿ. ಎರಡೂ ಆಗಿದ್ದರೆ, ರೆಬೆಕಾಳ ಹಾಗೆ ಒಂದನ್ನು ತೇದು ಇನ್ನೊಂದು ಮಾಡಿಕೊಂಡಿದ್ದರೆ, ಆ ತೇಯುವ ಕೆಲಸವನ್ನೇ ಬರೆಯಬೇಕು. ಅದಕ್ಕೆ ಒಂದು ಪದ ಸಾಲುವುದಿಲ್ಲ, ಒಂದು ಕತೆ ಬೇಕಾಗುತ್ತದೆ.